ಊರ ಗಾಡಿಯ ಲೆಕ್ಕ

೨೦೨೫ರ ಮಾರ್ಚ್ ೧೦, ಸೋಮವಾರ. ಬೆಳಗಿನ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಹಿಂದೆ ಬಂದ ನಾಲ್ವರು ಗಂಡಸರು ಸಿಮೆಂಟು ಮೆತ್ತಿದ ಚಪ್ಪಲಿಗಳನ್ನು ಹೊರಗೇ ಬಿಟ್ಟು ಗೋಡೆಗೆ ಆತು ನಿಂತರು. ಮೇಜಿನ ಹಿಂದಿದ್ದ ಕಾನ್‌ಸ್ಟೇಬಲ್ ಮನೋಜ ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಹೆಂಗಸು ಕನ್ನಡದಲ್ಲಿ ಹೇಳತೊಡಗಿದಳು. ಇಂಥ ಹೊತ್ತಿನಲ್ಲಿ ಮನೋಜ ಮಾಡುವುದು ಒಂದೇ ಕೆಲಸ. ಒಳಗಿನ ಕೋಣೆಗೆ ತಲೆ ಹಾಕಿ, "ಮೇಡಂ, ನಿಮ್ಮ ಜನ ಬಂದಾರ" ಅಂದ. ಇಷ್ಟು ಕನ್ನಡ ಅವನಿಗೆ ಬರುತ್ತಿತ್ತು.

ಇನ್‌ಸ್ಪೆಕ್ಟರ್ ನೀಲಿಮಾ ಹಂಚಿನಾಳ ಹುಟ್ಟಿ ಬೆಳೆದದ್ದು ಇದೇ ಪುಣೆಯ ಖಡಕಿಯಲ್ಲಿ. ಅಪ್ಪ ಬೆಳಗಾವಿ ಕಡೆಯಿಂದ ಬಂದು ಅಲ್ಲಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. 'ನಿಮ್ಮ ಜನ' ಎಂದರೆ ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ಕನ್ನಡದ ದನಿ ಕೇಳಿದ ಮೇಲೆ ಎದ್ದು ಹೊರಗೆ ಬಾರದೆ ಇರಲು ಅವಳಿಂದ ಇದುವರೆಗೂ ಆಗಿಲ್ಲ.

"ಏನಾತವ್ವಾ?"

"ನನ್ನ ಗಂಡನ್ನ ಊರಿಗೆ ಒಯ್ಯಾಕ ಆಗಲಿಲ್ರಿ. ಇಲ್ಲೇ ಸುಟ್ರು."

"ಹೆಂಗ ಸತ್ತಾ?"

"ಎದಿ ನೋವು. ಗುರುವಾರ ಕೆಲಸದಾಗ ಕುಂತಲ್ಲೇ ಕುಂತ. ಅದರ ದೂರಿಲ್ರಿ, ಸಾವು ಯಾರ ಕೈಯಾಗ ಅದ? ನನ್ನ ದೂರು ಗಾಡಿ ರೊಕ್ಕದ್ದು."

ಅವಳ ಹೆಸರು ಅವ್ವಮ್ಮ. ಸತ್ತವನು ಸಾಬಣ್ಣ, ಯಾದಗಿರಿ ಕಡೆಯವ, ಗಾರೆ ಕೆಲಸದವ. ಅವರ ವಸ್ತಿಯಲ್ಲಿ, ಅಂದರೆ ಕೂಲಿಯವರ ಶೆಡ್ಡುಗಳ ಕೇರಿಯಲ್ಲಿ, ನೂರ ನಲವತ್ತು ಮಂದಿ ಸೇರಿ ಮೈಲಾರಲಿಂಗನ ಹೆಸರಿನಲ್ಲಿ ಒಂದು ಸಂಘ ಮಾಡಿಕೊಂಡಿದ್ದರು. ತಿಂಗಳಿಗೆ ತಲಾ ನೂರ ಒಂದು ರೂಪಾಯಿ. ಆ ಹಣ ದವಾಖಾನೆಗಲ್ಲ, ಮದುವೆಗಲ್ಲ. ಪುಣೆಯಲ್ಲಿ ಯಾರಾದರೂ ಸತ್ತರೆ ಹೆಣವನ್ನು ಗಾಡಿಯಲ್ಲಿ ಊರಿಗೆ ಒಯ್ದು, ಹಿರಿಯರು ಮಲಗಿದ ಹೊಲದಲ್ಲೇ ಮಣ್ಣು ಮಾಡಬೇಕು. ಅವರಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಐದು ವರ್ಷದಲ್ಲಿ ಏಳು ಮಂದಿ ಹೀಗೆ ಊರು ಮುಟ್ಟಿದ್ದರು. ಅದಕ್ಕೆ ಅವರಿಟ್ಟ ಹೆಸರು ಊರ ಗಾಡಿ ರೊಕ್ಕ.

ಎಂಟನೆಯವ ಸಾಬಣ್ಣ. ಗಾಡಿ ಬಂದು ನಿಂತು ಚಾಲಕ ಮುಂಗಡ ಕೇಳಿದ. ಸಂಘದ ಅಧ್ಯಕ್ಷ ಹುಲಿಗೆಪ್ಪ ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಸಾವಿರ ರೂಪಾಯಿಯೂ ಇರಲಿಲ್ಲ. ನಾಲ್ಕು ದಿನದ ಹಿಂದೆ, ಭಾನುವಾರದ ಸಭೆಯಲ್ಲಿ, ಆರು ಲಕ್ಷದ ಮೇಲೆ ಇದೆ ಎಂದು ಎಲ್ಲರೆದುರು ಲೆಕ್ಕ ಓದಲಾಗಿತ್ತು. ಕೂಲಿ ಬಟವಾಡೆ ಇನ್ನೂ ಆಗಿರಲಿಲ್ಲ. ಕೈಸಾಲಕ್ಕೆ ಓಡಾಡಿದರೆ ಅರ್ಧದಷ್ಟು ಕೂಡಿತು. ಅಷ್ಟರಲ್ಲಿ ದವಾಖಾನೆಯವರು ಹೆಣ ಎತ್ತಿರಿ ಎಂದರು. ಶುಕ್ರವಾರ ಸಂಜೆ ಸಾಬಣ್ಣ ಪಾಲಿಕೆಯ ವಿದ್ಯುತ್ ಚಿತಾಗಾರದಲ್ಲಿ ಬೂದಿಯಾದ.

"ಯಾರ ಮ್ಯಾಲೆ ದೂರು?"

"ಹುಲಿಗೆಪ್ಪನ ಮ್ಯಾಲೆ. ನನ್ನ ಗಂಡನ ಜೋಡಿ ಒಂದ ಗಂಗಾಳದಾಗ ಉಂಡವ."

ಹನ್ನೆರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ೩೧೬ನೇ ಕಲಂ, ನಂಬಿಕೆ ದ್ರೋಹ. ಅವ್ವಮ್ಮ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಹುಲಿಗೆಪ್ಪನನ್ನು ಕರೆತರಲು ಜೀಪು ಬೇಕಾಗಲಿಲ್ಲ, ತಾನೇ ನಡೆದು ಬಂದ. ಅರವತ್ತರ ಹತ್ತಿರದ ಆಳು, ಹಣೆಯ ತುಂಬ ಮೈಲಾರಲಿಂಗನ ಭಂಡಾರದ ಅರಿಶಿನ. ಮೂವತ್ತು ವರ್ಷದಿಂದ ಮುಕಾದಮ, ಅಂದರೆ ಕೂಲಿ ಗುಂಪಿನ ಮುಖಂಡ.

"ಖಾತೆ ಯಾರ ಹತೋಟಿಯೊಳಗ ಅದ?"

"ನಂದ ಸಹಿ ರೀ. ನಂದ ಫೋನು."

"ರೊಕ್ಕ ಎಲ್ಲಿ ಹೋತು?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ ಹೆಂಗ? ಅಧ್ಯಕ್ಷ ನೀ."

"ಗೊತ್ತಿದ್ರ ಸಾಬಣ್ಣನ್ನ ಸುಡಾಕ ಬಿಡ್ತಿದ್ದೆನ್ರಿ ಅಕ್ಕೋರ?"

"ಲೆಕ್ಕ ಯಾರು ಬರೀತಾರ?"

"ವಿಕಾಸ ಸಾಹೇಬ್ರು. ನಾವ ಕಟ್ಟಿದ ಬಿಲ್ಡಿಂಗಿನಾಗ ಇರ್ತಾರ, ಧಾರವಾಡದವರು. ಬ್ಯಾಂಕಿನ ಕಾಗದ ಇಂಗ್ಲೀಷದಾಗ ಬರ್ತದ, ನಮಗ ತಿಳಿಯಂಗಿಲ್ಲ. ಅವರು ಅದನ್ನ ಕಂಪ್ಯೂಟರಿನಾಗ ಕನ್ನಡ ಮಾಡಿ ಓದ್ತಾರ. ಒಂದು ರೂಪಾಯಿ ಮುಟ್ಟಂಗಿಲ್ಲ. ದೇವರಂಥ ಮನಿಶ್ಯಾ ರೀ."

ಹೋಗು ಎಂದರೂ ಅವನು ಬಾಗಿಲ ಬಳಿ ನಿಂತ. ವಸ್ತಿಯ ಜನ ಬಹಿಷ್ಕಾರದ ಗುರುತಿಗೆ ಸಾಬಣ್ಣನ ಚಪ್ಪಲಿ ತಂದು ತನ್ನ ಶೆಡ್ಡಿನ ಬಾಗಿಲಿಗೆ ಇಟ್ಟು ಹೋಗಿದ್ದಾರೆ ಎಂದ. "ಜೈಲಾಗ್ಲಿ ಬಿಡ್ರಿ. ನಾ ಸತ್ತರ ನನ್ನ ಹೆಣ ಯಾರೂ ಮುಟ್ಟಂಗಿಲ್ಲ ಅಂದಾರ. ಏಳು ಮಂದೀನ ನಾನ ಹೊತ್ತು ಗಾಡಿಗೆ ಹಾಕೀನ್ರಿ." ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ನೀಲಿಮಾ ಕಡತದ ಮೇಲೆ ಕಣ್ಣಿಟ್ಟಳು. ಅಳುವ ಆರೋಪಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವರಲ್ಲಿ ಅರ್ಧ ಮಂದಿ ಕಳ್ಳರೇ ಆಗಿದ್ದರು.

ಬುಧವಾರ ಬ್ಯಾಂಕಿನಿಂದ ಮುದ್ರೆ ಒತ್ತಿದ ಖಾತೆ ವಿವರ ಬಂತು. ವಿಕಾಸರು ಪ್ರತಿ ತಿಂಗಳು ಸಂಘಕ್ಕೆ ಮುದ್ರಿಸಿ ಕೊಡುತ್ತಿದ್ದ ಎಕ್ಸೆಲ್ ಹಾಳೆಗಳನ್ನು ಹುಲಿಗೆಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತಂದು ಕೊಟ್ಟಿದ್ದ. ಎರಡನ್ನೂ ಮೇಜಿನ ಮೇಲೆ ಹರವಿಕೊಂಡು ನೀಲಿಮಾ, ಮನೋಜ ಇಬ್ಬರೂ ಸಾಲಿಗೆ ಸಾಲು ತಾಳೆ ನೋಡಿದರು. ಬ್ಯಾಂಕಿನ ಕಾಗದದಲ್ಲಿ ಇದ್ದದ್ದು ಬರೀ ಫೋನ್ ನಂಬರು, ಉದ್ದುದ್ದ ಅಂಕಿಗಳು. ವಿಕಾಸರ ಹಾಳೆಯಲ್ಲಿ ಪ್ರತಿ ನಂಬರಿನ ಜಾಗದಲ್ಲಿ ಒಂದೊಂದು ಹೆಸರಿತ್ತು, ದುಂಡನೆಯ ಕನ್ನಡದಲ್ಲಿ.

ಮನೋಜ ಬೆರಳಿಟ್ಟು ಮರಾಠಿಯಲ್ಲಿ ಕೇಳಿದ. "ಮೇಡಂ, ಎಲ್ಲಾ ಸಾಲಿನ ಕೊನೆಗೂ ಇದೊಂದೇ ಶಬ್ದ ಇದೆಯಲ್ಲ, ಎಲ್ಲರ ಅಡ್ಡಹೆಸರೂ ಒಂದೇನಾ?"

"ಅಡ್ಡಹೆಸರಲ್ಲ. 'ಅವರು' ಅಂತ. ಶ್ರೀ ಸಾಬಣ್ಣ ಅವರು. ಶ್ರೀಮತಿ ಅವ್ವಮ್ಮ ಅವರು. ಮರ್ಯಾದೆಗೆ ಹಾಕೋದು."

"ಗಾರೆಯವರಿಗೆ?" ಎಂದು ಮನೋಜ ನಕ್ಕ. ನೀಲಿಮಾ ನೋಡಿದ ನೋಟಕ್ಕೆ ನಗು ನುಂಗಿಕೊಂಡು ಮುಂದಿನ ಸಾಲಿಗೆ ಹೋದ.

ಸಂಜೆಯ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಕಳೆದ ವರ್ಷದ ಜನವರಿಯಿಂದ ಈಚೆಗೆ ತಿಂಗಳಿಗೊಂದರಂತೆ ಹದಿನೈದು ಸಲ ದೊಡ್ಡ ಮೊತ್ತ ಖಾತೆಯಿಂದ ಹೊರಗೆ ಹೋಗಿತ್ತು. ಎಲ್ಲವೂ ಇನ್ನೊಂದು ಬ್ಯಾಂಕಿನಲ್ಲಿದ್ದ ಒಂದು ಸಾರಿಗೆ ಸೇವೆಯ ಹೆಸರಿನ ಖಾತೆಗೆ. ಬ್ಯಾಂಕಿನ ಕಾಗದದಲ್ಲಿದ್ದ ಈ ಸಾಲುಗಳು ಎಕ್ಸೆಲ್ ಹಾಳೆಯಲ್ಲಿ ಇರಲಿಲ್ಲ. ಶಿಲ್ಕನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿ ತೋರಿಸಲಾಗಿತ್ತು. ಆದರೆ ಪ್ರತಿ ವರ್ಗಾವಣೆಗೂ ಒಟಿಪಿ ಹೋದದ್ದು ಹುಲಿಗೆಪ್ಪನ ಫೋನಿಗೆ.

ಎಸಿಪಿ ಸಾಹೇಬರಿಗೆ ಅಷ್ಟು ಸಾಕಾಗಿತ್ತು. "ಗಾಡಿಯವನ ಜೊತೆ ಮುಕಾದಮ ಪಾಲು ಮಾಡಿಕೊಂಡಿದ್ದಾನೆ. ಲೆಕ್ಕದವನನ್ನು ಬೆದರಿಸಿ ಸಾಲು ಅಳಿಸಿದ್ದಾನೆ. ಒಳಗೆ ಹಾಕಿ," ಅಂದರು.

"ಆ ಖಾತೆ ಯಾರದು ಅಂತ ಬ್ಯಾಂಕಿಗೆ ಬರೆದಿದೀನಿ ಸರ್. ಉತ್ತರ ಬರಲಿ."

"ಶನಿವಾರದ ತನಕ ನೋಡಿ. ಆಮೇಲೆ ನನ್ನನ್ನ ಕೇಳಬೇಡಿ."

ನೀಲಿಮಾ ಮತ್ತೆ ಕಾಗದಕ್ಕೆ ಕೂತಳು. ಹದಿನೈದು ವರ್ಗಾವಣೆಗಳ ತಾರೀಖು ಬೇರೆ ಬೇರೆ. ಕ್ಯಾಲೆಂಡರ್ ಎದುರಿಗಿಟ್ಟು ನೋಡಿದರೆ ಎಲ್ಲವೂ ತಿಂಗಳ ಮೊದಲ ಭಾನುವಾರ, ಎಲ್ಲವೂ ನಡುಮಧ್ಯಾಹ್ನ. ಹುಲಿಗೆಪ್ಪನನ್ನು ಮತ್ತೆ ಕರೆಸಿದಳು.

"ಮೊದಲ ಭಾನುವಾರ ಮಧ್ಯಾಹ್ನ ಎಲ್ಲಿರ್ತಿ?"

"ಗುಡಿ ಅಂಗಳದಾಗ್ರಿ. ಮೈಲಾರಲಿಂಗನ ಪೂಜಿ. ಆಮ್ಯಾಲೆ ಸಭಾ."

"ಪೂಜಿ ಯಾರು ಮಾಡ್ತಾರ?"

"ನಾನ ರೀ. ಗೊರವನ ದೀಕ್ಷಾ ಆಗೇದ. ಕಂಬಳಿ ಹೊತ್ತು ಭಂಡಾರ ಹಾರಸ್ತೀನಿ."

"ಆಗ ಫೋನು?"

"ಭಂಡಾರ ಹಿಡಿಯೋ ಮುಂದ ಮೈಮ್ಯಾಲೆ ಫೋನು, ಕೀಲಿ ಏನೂ ಇಟ್ಟುಕೊಳ್ಳಂಗಿಲ್ರಿ. ಸಾಹೇಬ್ರ ಕೈಯಾಗ ಕೊಡ್ತೀನಿ. ಅರಿಷಿಣ ಹೊಕ್ಕರ ಫೋನು ಕೆಡ್ತದ ಅಂತ ಅವರ ಹೇಳಿದ್ರು. ಲೆಕ್ಕ ತಗಿಯಾಕ ಖಾತೆಯ ಪಾಸ್‌ವರ್ಡೂ ಅವರ ಹತ್ರನ ಅದ."

ಹೇಳಿ ಮುಗಿಸಿದ ಮೇಲೂ ಅವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಲಿಲ್ಲ. "ಸಾಹೇಬ್ರ ಮ್ಯಾಲೆ ಸಂಶೆ ಪಡಬ್ಯಾಡ್ರಿ. ಪಾಪ ಹತ್ತತದ," ಅಂದ.

ಮಾತಿಗೆ ಸಾಕ್ಷಿ ಬೇಕು. ಯಾರ ಹತ್ತಿರವಾದರೂ ಪೂಜೆಯ ವಿಡಿಯೊ ಇದೆಯೇ ಎಂದು ವಸ್ತಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ಮನೆಯತ್ತ ಕೈ ಮಾಡಿದರು. ತಿಂಗಳು ತಿಂಗಳು ಪೂಜೆ ಚಿತ್ರೀಕರಿಸಿ ಊರಿನ ತಮ್ಮನಿಗೆ ಕಳಿಸುತ್ತಿದ್ದವನು ಸಾಬಣ್ಣ.

ಅವ್ವಮ್ಮ ಗಂಡನ ಫೋನನ್ನು ಎದೆಗೆ ಅವುಚಿಕೊಂಡಳು. "ಯಾಕ್ರಿ? ಇದರಾಗ ಅವನ ದನಿ ಅದ."

"ನಿನ್ನ ದೂರಿಗೇ ಬೇಕವ್ವಾ."

"ಹುಲಿಗೆಪ್ಪನ್ನ ಬಿಡಸಾಕ ಬೇಕೋ ಹಿಡಿಯಾಕೋ?"

ನೀಲಿಮಾಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬಿಡಸಾಕ ಆಗಬಹುದು," ಅಂದಳು. ಅವ್ವಮ್ಮ ಹೊರಗೆ ನೋಡಿದಳು. ಬಾಗಿಲಾಚೆ ಸಾಬಣ್ಣನ ಬೂದಿ ತುಂಬಿದ ಮಣ್ಣಿನ ಮಡಕೆಯನ್ನು ಕೆಂಪು ಬಟ್ಟೆ ಕಟ್ಟಿ ಮಾಡಿಗೆ ತೂಗುಹಾಕಿತ್ತು. ಕೊನೆಗೆ ಅವಳು ಫೋನನ್ನು ಕೈಗೆ ಕೊಟ್ಟಳು.

ಪಂಚ ಸಾಕ್ಷಿಗಳ ಎದುರು ಫೋನ್ ವಶಪಡಿಸಿಕೊಂಡು, ಮಾರ್ಚ್ ೨ರ ವಿಡಿಯೊ ನೋಡಿದರು. "ಏಳು ಕೋಟಿ ಏಳು ಕೋಟಿ ಏಳು ಕೋಟಿಗೋ" ಎಂದು ಅಂಗಳವೆಲ್ಲ ಕೂಗುತ್ತಿತ್ತು. ಕಂಬಳಿ ಹೊತ್ತ ಹುಲಿಗೆಪ್ಪನ ಎರಡೂ ಕೈಯಲ್ಲಿ ಭಂಡಾರ, ಮೈಯೆಲ್ಲ ಹಳದಿ. ಆಚೆ ಬೇವಿನ ನೆರಳಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬ ಕನ್ನಡಕದವರು ಯಾವುದೋ ಫೋನನ್ನು ನೋಡಿ ಏನೋ ಒತ್ತುತ್ತಿದ್ದರು. ಬ್ಯಾಂಕಿನಲ್ಲಿ ದಾಖಲಾದ ಹೊತ್ತೂ ವಿಡಿಯೊದ ಹೊತ್ತೂ ಒಂದೇ. ವಿಡಿಯೊ ಇನ್ನೂ ಮುಂದೆ ಇತ್ತು, ಪೂಜೆ ಮುಗಿದು ಯಾರೋ ಹೆಸರು ಓದುವುದು, ಯಾರೋ ನಗುವುದು. ಬೇಕಾದ್ದು ಸಿಕ್ಕಿತೆಂದು ನೀಲಿಮಾ ಅಲ್ಲಿಗೇ ನಿಲ್ಲಿಸಿದಳು.

ಗುರುವಾರ ವಿಕಾಸರ ಫ್ಲ್ಯಾಟಿನ ಬಾಗಿಲು ತೆರೆದವಳು ಅವರ ಹೆಂಡತಿ ಹರ್ಷದಾ. "ಅವರು ಆಫೀಸಿಗೆ ಹೋಗ್ಯಾರ್ರಿ, ಏಳಕ್ಕ ಬರ್ತಾರ. ಸಂಘದ ವಿಷಯಾ ಏನು? ಭಾಳ ಕೆಟ್ಟಾತ್ರಿ. ಅವರು ಎರಡು ದಿನದಿಂದ ಸರಿಯಾಗಿ ಊಟಾ ಮಾಡಿಲ್ಲ."

"ಯಾವ ಆಫೀಸ್ರಿ?"

ಅವಳು ಹೆಸರು ಹೇಳಿದಳು. ಲೆಕ್ಕಪತ್ರದ ಕಂಪನಿ. ಹದಿನೆಂಟು ವರ್ಷದ ನೌಕರಿ.

"ಪಗಾರ ಒಂದನೇ ತಾರೀಖಿಗೆ ಆಗ್ತದ?"

"ಮೊದಲ ಹಂಗ ಇತ್ರಿ. ಒಂದು ವರ್ಷದ ಮ್ಯಾಲಾತು, ಈಗ ಮೊದಲ ಸೋಮವಾರ ಹಾಕ್ತಾರ."

ಜೀಪಿನಲ್ಲಿ ಕೂತು ನೀಲಿಮಾ ಆ ಕಂಪನಿಗೆ ಫೋನ್ ಮಾಡಿದಳು. ವಿಕಾಸ ಅಲ್ಲಿ ಕೆಲಸ ಬಿಟ್ಟು ಹದಿನೈದು ತಿಂಗಳಾಗಿತ್ತು. ಗ್ರಾಹಕರ ಬ್ಯಾಂಕ್ ಕಡತಗಳನ್ನು ಎಕ್ಸೆಲ್‌ಗೆ ಇಳಿಸಿ ತಾಳೆ ಮಾಡುವುದು ಅವರ ಕೆಲಸವಾಗಿತ್ತು. "ಈಗ ಅದನ್ನ ಸಾಫ್ಟ್‌ವೇರೇ ಮಾಡುತ್ತೆ ಮೇಡಂ," ಎಂದ ಮ್ಯಾನೇಜರ್, ಹವಾಮಾನ ಹೇಳುವವನಂತೆ.

ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೋಗುವ ಗಂಡ ಎಲ್ಲಿಗೆ ಹೋಗುತ್ತಾನೆಂದು ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ. ನೀಲಿಮಾ ಅದನ್ನು ಹೇಳಲು ಮತ್ತೆ ಮೇಲೆ ಹತ್ತಲಿಲ್ಲ.

ಮಾರ್ಚ್ ೧೫, ಶನಿವಾರ, ಬೆಳಗಿನ ಹತ್ತು ಗಂಟೆ. ಇಬ್ಬರು ಪಂಚರೊಂದಿಗೆ ನೀಲಿಮಾ, ಮನೋಜ ಮತ್ತೆ ಆ ಫ್ಲ್ಯಾಟಿಗೆ ಬಂದರು. ವಿಕಾಸ ಐವತ್ತರ ಆಸುಪಾಸಿನವರು, ಇಸ್ತ್ರಿಯ ಅಂಗಿ, ಮೆಲುದನಿ. ಬ್ಯಾಂಕಿನ ಕಾಗದ, ಎಕ್ಸೆಲ್ ಹಾಳೆ ಎರಡನ್ನೂ ಮುಂದಿಟ್ಟಾಗ ಅವರೇನೂ ಗಾಬರಿಯಾಗಲಿಲ್ಲ.

"ಇದು ಕನ್ವರ್ಟ್ ಮಾಡೋ ಮುಂದ ಆಗೋ ತಪ್ಪು ರೀ ಮೇಡಂ. ಬ್ಯಾಂಕಿನವರು ಕಳಿಸೋದು ಪಿಡಿಎಫ್. ಅದನ್ನ ಎಕ್ಸೆಲ್ ಮಾಡೋ ಸಾಫ್ಟ್‌ವೇರ್ ಕೆಲವು ಸಾಲು ನುಂಗತದ. ಅದಕ್ಕ ನಾ ಏನು ಮಾಡ್ಲಿ?"

"ಹೌದೇನ್ರಿ? ಈಗ ಮಾಡಿ ತೋರಸ್ರಿ."

ಪಂಚರ ಎದುರು ಲ್ಯಾಪ್‌ಟಾಪ್ ತೆರೆಯಿತು. ಜನವರಿಯ ಪಿಡಿಎಫ್, ಅದೇ ಸಾಫ್ಟ್‌ವೇರ್. ಒಂದು ನಿಮಿಷದಲ್ಲಿ ಹಾಳೆ ಸಿದ್ಧವಾಯಿತು. ಅವರು ಹೇಳಿದ್ದು ನಿಜವೇ ಆಗಿತ್ತು, ಸಾಲುಗಳು ಬಿಟ್ಟುಹೋಗಿದ್ದವು. ವಿಕಾಸರ ಮುಖದಲ್ಲಿ ಸಣ್ಣ ಸಮಾಧಾನ ಕಂಡಿತು.

"ಮನೋಜ, ಯಾವ ಯಾವ ಸಾಲು ಹೋಗಿದೆ ನೋಡು."

ಮನೋಜ ಬೆರಳಿಟ್ಟು ನೋಡಿದ. "ಪ್ರತಿ ಪುಟದ ಮೊದಲ ಸಾಲು ಮೇಡಂ. ಶೀರ್ಷಿಕೆ ಅಂತ ತಿಳಿದು ಬಿಡುತ್ತೆ. ಉಳಿದದ್ದೆಲ್ಲ ಬಂದಿದೆ."

"ಸಾರಿಗೆ ಸೇವೆಗೆ ಹೋದ ಸಾಲು?"

"ಅದು ಎರಡನೇ ಪುಟದ ನಡುವೆ ಇದೆ. ಹೊಸ ಹಾಳೆಯಲ್ಲಿ ಬಂದಿದೆ."

"ಈಗ ಇವರು ಸಂಘಕ್ಕೆ ಕೊಟ್ಟ ಹಾಳೆ ತಗೋ. ಪುಟದ ಮೊದಲ ಸಾಲುಗಳು?"

"ಎಲ್ಲಾ ಇವೆ ಮೇಡಂ. ನೂರ ಒಂದು, ನೂರ ಒಂದು, ಎಲ್ಲರ ಹೆಸರೂ ಇದೆ. ನಡುವಿನ ಆ ಒಂದು ಸಾಲು ಮಾತ್ರ ಇಲ್ಲ."

ನೀಲಿಮಾ ವಿಕಾಸರತ್ತ ತಿರುಗಿದಳು. "ಸಾಫ್ಟ್‌ವೇರ್ ನುಂಗಿದ್ದನ್ನ ನೀವು ಕೂತು ಕೈಯಿಂದ ತುಂಬೀರಿ. ಯಾರ ಹೆಸರೂ ಬಿಟ್ಟಿಲ್ಲ. ಅದು ಬಿಡದ ಸಾಲನ್ನ ನೀವು ತಗದೀರಿ. ಹೌದಲ್ರೀ?"

ವಿಕಾಸ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಹೆಸರು ಬಿಟ್ಟರ ಅವರು ಬೇಜಾರಾಗ್ತಾರ್ರಿ," ಅಂದರು.

ಅಷ್ಟರಲ್ಲಿ ಮನೋಜನ ಫೋನಿಗೆ ಠಾಣೆಯಿಂದ ಸಂದೇಶ ಬಂತು. ಸಾರಿಗೆ ಸೇವೆಯ ಖಾತೆ ಯಾರದೆಂಬುದಕ್ಕೆ ಆ ಬ್ಯಾಂಕಿನ ಉತ್ತರ. ಮಾಲೀಕನ ಹೆಸರು, ಫೋಟೊ, ಇದೇ ಫ್ಲ್ಯಾಟಿನ ವಿಳಾಸ. ಭಾನುವಾರ ಆ ಖಾತೆಗೆ ಬಂದ ಹಣ ಸೋಮವಾರ ಹರ್ಷದಾಳ ಖಾತೆಗೆ, 'ಪಗಾರ' ಎಂಬ ಷರಾದೊಂದಿಗೆ.

ಚಹಾದ ತಟ್ಟೆ ಹಿಡಿದು ಬಂದ ಹರ್ಷದಾ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. "ಹಂಗಾದ್ರ ನಾವು ಇಷ್ಟು ದಿವಸ ಉಂಡಿದ್ದು..." ಎಂದಳು. ತಟ್ಟೆಯನ್ನು ನೆಲದ ಮೇಲೆ ಇಟ್ಟು ಅವಳು ಒಳಗೆ ಹೋದಳು. ಲ್ಯಾಪ್‌ಟಾಪಿಗೆ ಮೊಹರು ಬಿತ್ತು, ಪಂಚನಾಮೆಗೆ ಸಹಿಗಳಾದವು. ಮಧ್ಯಾಹ್ನ ಒಂದೂವರೆಗೆ ವಿಕಾಸರನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

"ಕೆಲಸ ಹೋದದ್ದು ಮನಿಯಾಗ ಯಾಕ ಹೇಳಲಿಲ್ಲ?"

"ನಾಳೆ ಸಿಗ್ತದ ಅಂತ ಮಾಡಿದ್ದೆ. ಮೊದಲ ತಿಂಗಳು ಒಂದು ಸಲ ಅಂತ ತಗೊಂಡೆ. ಆಮ್ಯಾಲೆ ಹೇಳೋ ದಿನಾ ದಾಟಿ ಹೋತು."

"ದಿನಾ ಎಲ್ಲಿ ಕೂಡ್ತಿದ್ರಿ?"

"ರೈಲ್ವೆ ಸ್ಟೇಷನ್ನಿನಾಗ. ಕೆಲವು ದಿನ ಗುಡಿ ಅಂಗಳದಾಗ."

"ಸಾಬಣ್ಣ ಸತ್ತಾಗ ಹುಲಿಗೆಪ್ಪ ನಿಮಗ ಫೋನ್ ಮಾಡಿದ್ದ."

"ಹತ್ತು ಸಲ ಮಾಡಿದ. ತಗೀಲಿಲ್ರಿ." ಆಮೇಲೆ ಅವರೇ ಕೇಳಿದರು. "ಬರೋ ತಿಂಗಳು ಲೆಕ್ಕಾ ಯಾರು ಓದ್ತಾರ್ರಿ ಅವರಿಗೆ?"

ನೀಲಿಮಾಳಿಗೆ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಕೋಪ ಬಂತು. ಹೆಣದ ಗಾಡಿಯ ಹಣ ತಿಂದವ ಕೇಳುವ ಮಾತೇ ಇದು? ಆದರೆ ಅವರು ನಾಟಕ ಆಡುತ್ತಿರಲಿಲ್ಲ. ಹದಿನೆಂಟು ವರ್ಷ ಮಾಡಿದ ಕೆಲಸ ಇನ್ನು ಬೇಡ ಎಂದು ಅವರ ಆಫೀಸು ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಿತ್ತು. ಅದೇ ಕೆಲಸಕ್ಕೆ ನೂರ ನಲವತ್ತು ಮಂದಿ ತಿಂಗಳಿಗೊಮ್ಮೆ ಉಸಿರು ಬಿಗಿಹಿಡಿದು ಕಾಯುವ ಜಾಗವೆಂದು ಅವರಿಗೆ ಉಳಿದದ್ದು ಆ ಅಂಗಳ ಒಂದೇ. ಅಲ್ಲಿ ಅವರಿನ್ನೂ ಸಾಹೇಬರು. ಮನೆಯಲ್ಲಿ ಗಂಡಸಾಗಿ ಉಳಿಯಲು ಹಣ ಬೇಕಿತ್ತು, ಅದನ್ನು ತಮ್ಮನ್ನು ಸಾಹೇಬರೆಂದವರ ಜೇಬಿನಿಂದಲೇ ತೆಗೆದರು. ನೀಲಿಮಾ ಹೇಳಿಕೆ ಬರೆದುಕೊಂಡಳು.

ಸೋಮವಾರ ಅವ್ವಮ್ಮ ಪೂರಕ ಹೇಳಿಕೆಗೆ ಬಂದಳು. ಜೊತೆಗೆ ಹುಲಿಗೆಪ್ಪ, ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಮಡಕೆ. ಇಬ್ಬರೂ ಪರಸ್ಪರ ಏನು ಮಾತಾಡಿಕೊಂಡಿದ್ದರೋ ತಿಳಿಯದು. ಅವನ ಬಾಗಿಲಿಗೆ ಇಟ್ಟ ಚಪ್ಪಲಿಯನ್ನು ಅವಳೇ ಎತ್ತಿಕೊಂಡು ಬಂದಳು ಎಂದು ಮನೋಜ ಯಾರಿಂದಲೋ ಕೇಳಿದ್ದ.

ಹೆಬ್ಬೆಟ್ಟು ಒತ್ತಿದ ಮೇಲೆ ಅವಳು ಕೇಳಿದಳು. "ಆ ಫೋನು ಯಾವಾಗ ಕೊಡ್ತೀರಿ?"

"ಕೋರ್ಟಿನಿಂದ ಬರಬೇಕವ್ವಾ. ತಡಾ ಆಗ್ತದ."

"ಒಂದು ಸಲ ಕೇಳಸ್ತೀರಿ?"

ಮೊಹರಾದ ಫೋನನ್ನು ತೆರೆಯುವಂತಿರಲಿಲ್ಲ. ಕಡತಕ್ಕೆಂದು ಇಳಿಸಿಕೊಂಡಿದ್ದ ವಿಡಿಯೊ ಪ್ರತಿಯನ್ನು ನೀಲಿಮಾ ಕಂಪ್ಯೂಟರಿನಲ್ಲಿ ಹಾಕಿದಳು. ಈ ಸಲ ನಡುವೆ ನಿಲ್ಲಿಸಲಿಲ್ಲ. ಭಂಡಾರ ಹಾರಿತು, ಕೂಗು ಅಡಗಿತು. ಬೇವಿನ ನೆರಳಿನಿಂದ ಆ ಮೆಲುದನಿ ಓದತೊಡಗಿತು. ಒಂದೊಂದೇ ಹೆಸರು, ಒಂದೊಂದೇ ನೂರ ಒಂದು. ಬಹಳ ಹೊತ್ತಿನ ಮೇಲೆ "ಶ್ರೀ ಸಾಬಣ್ಣ ಅವರು" ಎಂದಿತು. ಫೋನ್ ಹಿಡಿದವನು ತೀರ ಹತ್ತಿರದಲ್ಲಿ, ಹುಡುಗನ ಹಾಗೆ, ನಕ್ಕ.

"ಇಪ್ಪತ್ತು ವರ್ಷ ದುಡದ್ರಿ ಈ ಊರಾಗ," ಎಂದಳು ಅವ್ವಮ್ಮ. "ಎಲ್ಲಾರೂ 'ಏ' ಅಂತ ಕರದ್ರು. ಆ ಮನಿಶ್ಯಾ ಒಬ್ಬನ 'ಅವರು' ಅಂದ. ಅದನ್ನ ಕೇಳಾಕ ಅಂತ ಭಾನುವಾರದ ಓವರ್‌ಟೈಮ್ ಬಿಟ್ಟು ಹೋಗ್ತಿದ್ದ ನನ್ನ ಗಂಡ."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಊರಿನ ಬಸ್ಸು ಸ್ವಾರಗೇಟ ನಿಲ್ದಾಣದಿಂದ ಸಂಜೆ ಹೊರಡುತ್ತಿತ್ತು, ಬೂದಿಯನ್ನಾದರೂ ಅತ್ತೆ ಮಲಗಿದ ಹೊಲದಲ್ಲೇ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ನೀಲಿಮಾ ಜೀಪು ಕಳಿಸುತ್ತೇನೆಂದರೆ ಹುಲಿಗೆಪ್ಪ ಬೇಡವೆಂದ. ಮಡಕೆಯನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು ಅವನು ಮುಂದೆ ಮೆಟ್ಟಿಲಿಳಿದ, ಅವ್ವಮ್ಮ ಅವನ ಹಿಂದೆ ನಡೆದಳು.